ಕನ್ನಡ ಚಿತ್ರರಸಿಕರ ಸಂವಾದ

ಕನ್ನಡ ಚಿತ್ರರಸಿಕರ ಸಂವಾದ ಎಂಬುದು ಹೊಸದಾಗಿ ತೆರೆಕಂಡ ಹಾಗೂ ಇನ್ನೂ ಬಿಡುಗಡೆಯಾಗಬೇಕಿರುವ ಚಲನಚಿತ್ರಗಳನ್ನು ಕುರಿತು ಪ್ರೇಕ್ಷಕರು ತಮ್ಮತಮ್ಮಲ್ಲಿ ನಡೆಸುವ ಅಭಿಪ್ರಾಯ ವಿನಿಮಯವನ್ನು ಸೂಚಿಸುತ್ತದೆ. ಚಿತ್ರಮಂದಿರದ ಹೊರಗಿನ ಬಾಯಿಮಾತು, ಚಿತ್ರಸಮಾಜಗಳಲ್ಲಿ ಪ್ರದರ್ಶನದ ನಂತರ ನಡೆಯುವ ಚರ್ಚೆ, ಪತ್ರಿಕೆಗಳ ವಿಮರ್ಶೆಗೆ ಓದುಗರ ಪ್ರತಿಕ್ರಿಯೆ, ಅಭಿಮಾನಿ ಸಂಘಗಳ ವಾದವಿವಾದ ಇವೆಲ್ಲವೂ ಇದರ ವ್ಯಾಪ್ತಿಗೆ ಸೇರುತ್ತವೆ. ವೃತ್ತಿನಿರತ ಚಿತ್ರವಿಮರ್ಶೆಯು ಇದಕ್ಕೆ ಹೊಂದಿಕೊಂಡಂತಿದ್ದರೂ ಇದರಿಂದ ಭಿನ್ನವಾದುದು. ವಿಮರ್ಶಕನು ಓದುಗನಿಗಾಗಿ ಬರೆಯುತ್ತಾನೆ, ಚಿತ್ರರಸಿಕನಾದರೋ ತನ್ನಂತೆಯೇ ಟಿಕೆಟ್ ಕೊಳ್ಳುವ ಇನ್ನೊಬ್ಬನೊಡನೆ ಮಾತನಾಡುತ್ತಾನೆ.

ಕನ್ನಡದ ಸಂದರ್ಭದಲ್ಲಿ ಈ ಮಾತುಕತೆಗೆ ವಿಶೇಷ ತೂಕವಿದೆ. ದೊಡ್ಡ ತಾರೆಯರಿಲ್ಲದ, ಪ್ರಚಾರಕ್ಕೆ ಹಣವಿಲ್ಲದ ಕನ್ನಡ ಚಿತ್ರವೊಂದು ಬೆಂಗಳೂರಿನಲ್ಲಿ ಹಿಂದಿ, ತೆಲುಗು, ತಮಿಳು, ಮಲಯಾಳ ಹಾಗೂ ಇಂಗ್ಲಿಷ್ ಚಿತ್ರಗಳೊಡನೆ ಒಂದೇ ಕಟ್ಟಡದೊಳಗೆ ಸ್ಪರ್ಧಿಸಬೇಕಾಗುತ್ತದೆ. ಶುಕ್ರವಾರ ಬಿಡುಗಡೆಯಾದ ಚಿತ್ರಕ್ಕೆ ಮುಂದಿನ ವಾರ ಎಷ್ಟು ಪ್ರದರ್ಶನಗಳು ಉಳಿಯುತ್ತವೆ ಎಂಬುದು ಬಹುಮಟ್ಟಿಗೆ ಮೊದಲ ಮೂರು ದಿನಗಳ ಗಳಿಕೆಯ ಮೇಲೆ ತೀರ್ಮಾನವಾಗುವುದರಿಂದ, ನೋಡಿದವರ ಮಾತು ನೋಡದವರನ್ನು ತಲುಪಲು ಸಿಗುವ ಕಾಲಾವಕಾಶವೂ ಅಷ್ಟೇ. ಚಿತ್ರ ಚೆನ್ನಾಗಿದೆ ಎಂಬ ಸುದ್ದಿ ಸೋಮವಾರ ತಲುಪಿ, ಬುಧವಾರ ಬಿಡುವು ಮಾಡಿಕೊಂಡು, ಶನಿವಾರ ಹೋಗೋಣ ಎನ್ನುವಷ್ಟರಲ್ಲಿ ಚಿತ್ರವೇ ಎತ್ತಂಗಡಿಯಾಗಿರುವ ಅನುಭವ ಕನ್ನಡ ಪ್ರೇಕ್ಷಕರಿಗೆ ಹೊಸದಲ್ಲ.

ಪದಬಳಕೆ

ಪ್ರೇಕ್ಷಕರ ಅಭಿಪ್ರಾಯಕ್ಕೆ ಉದ್ಯಮದಲ್ಲಿ ‘ಮೌತ್ ಟಾಕ್’, ‘ಪಬ್ಲಿಕ್ ಟಾಕ್’ ಎಂಬ ಮಾತುಗಳು ರೂಢಿಯಲ್ಲಿವೆ. ಬರವಣಿಗೆಯಲ್ಲಿ ‘ಬಾಯಿಮಾತಿನ ಪ್ರಚಾರ’ ಎನ್ನಲಾಗುತ್ತದೆ. ಚಿತ್ರೋದ್ಯಮವನ್ನು ಒಟ್ಟಾಗಿ ‘ಗಾಂಧಿನಗರ’ ಎಂದು ಕರೆಯುವ ವಾಡಿಕೆಗೆ ಬೆಂಗಳೂರಿನ ಆ ಬಡಾವಣೆಯಲ್ಲಿದ್ದ ನಿರ್ಮಾಪಕರ ಮತ್ತು ವಿತರಕರ ಕಚೇರಿಗಳೇ ಕಾರಣ. ಗೆದ್ದ ಚಿತ್ರ ‘ಹಿಟ್’, ಸೋತದ್ದು ‘ಫ್ಲಾಪ್’ ಎಂಬುದು ಎಲ್ಲೆಡೆಯ ಮಾತಾದರೆ, ‘ತೋಪೆದ್ದು ಹೋಯಿತು’, ‘ಡಬ್ಬಾ’ ಎಂಬ ತೀರ್ಪುಗಳು ಬೆಂಗಳೂರು, ಮೈಸೂರು ಕಡೆಯ ಆಡುನುಡಿಗೆ ಸೇರಿದವು. ತೆರೆಗೆ ಅತಿ ಸಮೀಪದ ಅಗ್ಗದ ಆಸನಗಳಿಗೆ ‘ಗಾಂಧಿ ಕ್ಲಾಸ್’ ಎಂಬ ಹೆಸರಿತ್ತು. ಚಿತ್ರದ ಹಣೆಬರಹವನ್ನು ಬಾಲ್ಕನಿಯವರಿಗಿಂತ ಮೊದಲು ಗಾಂಧಿ ಕ್ಲಾಸಿನವರು ಬರೆಯುತ್ತಾರೆಂಬ ನಂಬಿಕೆ ವಿತರಕರಲ್ಲಿ ಬೇರೂರಿತ್ತು. ಸಿಳ್ಳೆ ಎಲ್ಲಿ ಬಿತ್ತು, ಜನ ಎಲ್ಲಿ ಎದ್ದು ಹೊರಗೆ ನಡೆದರು ಎಂಬುದನ್ನು ನೋಡಲು ನಿರ್ಮಾಪಕರೇ ಮೊದಲ ದಿನ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದುದುಂಟು.

ಹಿನ್ನೆಲೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಅಂದಿನಿಂದ ಸುಮಾರು ನಾಲ್ಕು ದಶಕಗಳ ಕಾಲ ಚಿತ್ರಗಳ ಬಗೆಗಿನ ಮಾತು ಮುಖ್ಯವಾಗಿ ಊರಿಂದೂರಿಗೆ ಜನರೊಡನೆ ಸಂಚರಿಸುತ್ತಿತ್ತು. ಚಿತ್ರದ ಪ್ರತಿಗಳು ಕೆಲವೇ ಇದ್ದುದರಿಂದ ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ತಾಲ್ಲೂಕು ಕೇಂದ್ರವನ್ನೂ ಆಮೇಲೆ ಟೂರಿಂಗ್ ಟಾಕೀಸನ್ನೂ ತಲುಪಲು ತಿಂಗಳುಗಳೇ ಹಿಡಿಯುತ್ತಿದ್ದವು. ಚಿತ್ರಕ್ಕಿಂತ ಮುಂಚೆ ಅದರ ಕಥೆ, ಹಾಡು, ಕೀರ್ತಿ ಅಪಕೀರ್ತಿಗಳು ಊರು ಸೇರಿರುತ್ತಿದ್ದವು. ಇಂದಿನ ರಸಿಕರು ಕಥೆಯ ಗುಟ್ಟು ಬಿಟ್ಟುಕೊಡುವುದನ್ನು ದೊಡ್ಡ ಅಪರಾಧವೆಂದು ಎಣಿಸುತ್ತಾರೆ. ಅಂದಿನ ಪ್ರೇಕ್ಷಕನಾದರೋ ಕಥೆ ಪೂರ್ತಿ ಗೊತ್ತಿದ್ದೇ ಟೆಂಟಿನ ಮರಳಿನ ಮೇಲೆ ಬಂದು ಕುಳಿತುಕೊಳ್ಳುತ್ತಿದ್ದ.

ಬೆಂಗಳೂರಿನ ಕೆಂಪೇಗೌಡ ರಸ್ತೆಯು ಈ ಮಾತುಕತೆಯ ಕೇಂದ್ರವಾಗಿತ್ತು. ಸಾಗರ್, ತ್ರಿವೇಣಿ, ನರ್ತಕಿ, ಸಂತೋಷ್, ಅನುಪಮಾ, ಮೇನಕಾ, ಸ್ಟೇಟ್ಸ್, ಕಪಾಲಿ ಮೊದಲಾದ ಚಿತ್ರಮಂದಿರಗಳು ಆ ರಸ್ತೆಯ ಆಸುಪಾಸಿನಲ್ಲೇ ಒತ್ತೊತ್ತಾಗಿದ್ದುದರಿಂದ ಒಂದು ಚಿತ್ರದಿಂದ ಹೊರಬಂದವರು ಇನ್ನೊಂದಕ್ಕೆ ಸಾಲು ನಿಂತವರನ್ನು ಎದುರುಗೊಳ್ಳುತ್ತಿದ್ದರು. ಪ್ರತಿ ಚಿತ್ರಕ್ಕೂ ಇಲ್ಲೊಂದು ‘ಮುಖ್ಯ ಚಿತ್ರಮಂದಿರ’ ಗೊತ್ತಾಗಿರುತ್ತಿತ್ತು. ಅಲ್ಲಿ ಹೌಸ್‌ಫುಲ್ ಫಲಕ ಬಿತ್ತೋ ಇಲ್ಲವೋ ಎಂಬುದು ಮಧ್ಯಾಹ್ನದ ಹೊತ್ತಿಗೆ ಮೈಸೂರು, ಹುಬ್ಬಳ್ಳಿಯ ವಿತರಕರ ಕಿವಿಗೆ ಮುಟ್ಟುತ್ತಿತ್ತು. 1972ರ ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ನಗರ ಬಿಟ್ಟು ಹಳ್ಳಿಗೆ ಮರಳುವ ನಾಯಕನ ಕಥೆಯಾದ ಅದನ್ನು ಕಂಡು ಬೇಸಾಯಕ್ಕೆ ಹಿಂದಿರುಗಿದ ಯುವಕರ ಬಗೆಗಿನ ಮಾತುಗಳು ಇಂದಿಗೂ ಚಾಲ್ತಿಯಲ್ಲಿವೆ. ಚಿತ್ರದ ಗುಣಾವಗುಣಕ್ಕಿಂತ ಅದು ನೋಡಿದವರ ಬದುಕಿನಲ್ಲಿ ಏನು ಮಾಡಿತು ಎಂಬುದೇ ಚರ್ಚೆಯ ವಸ್ತುವಾದದ್ದಕ್ಕೆ ಇದೊಂದು ನಿದರ್ಶನ.

ಅದೇ ವರ್ಷ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ಬಿಡುಗಡೆಯಾದಾಗ ವಾದ ಬೇರೊಂದು ದಿಕ್ಕಿನಲ್ಲಿ ಹೊರಳಿತು. ಮೂಲ ಕಾದಂಬರಿಗಳ ಕರ್ತೃ ತ.ರಾ.ಸುಬ್ಬರಾಯರು ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಗಿದೆ ಎಂಬರ್ಥದಲ್ಲಿ ಅಸಮಾಧಾನ ತೋರಿದರೆಂಬುದು ಪ್ರಸಿದ್ಧವಾಗಿದೆ. ಪ್ರೇಕ್ಷಕರು ಕಾದಂಬರಿಕಾರರ ಮಾತನ್ನು ಒಪ್ಪಲಿಲ್ಲ. ಚಿತ್ರ ಭರ್ಜರಿಯಾಗಿ ಗೆದ್ದು ವಿಷ್ಣುವರ್ಧನ್ ತಾರೆಯಾದರು. ಆದರೂ ಆ ಕೇರೆಹಾವಿನ ಮಾತು ಸತ್ತಿಲ್ಲ. ಕಾದಂಬರಿಯಾಧಾರಿತ ಕನ್ನಡ ಚಿತ್ರ ಬಂದಾಗಲೆಲ್ಲ ಪುಸ್ತಕ ಓದಿದವರು ಮತ್ತು ಓದದವರ ನಡುವೆ ನಡೆಯುವ ಜಗಳದಲ್ಲಿ ಅದು ತಪ್ಪದೆ ಹೆಡೆಯೆತ್ತುತ್ತದೆ.

1970ರ ‘ಸಂಸ್ಕಾರ’ ಚಿತ್ರದಿಂದ ಚರ್ಚೆಗೆ ಗಂಭೀರವಾದ ಇನ್ನೊಂದು ನೆಲೆ ದೊರೆಯಿತು. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ, ಗಿರೀಶ್ ಕಾರ್ನಾಡ್ ಮತ್ತು ಪಿ. ಲಂಕೇಶ್ ಅಭಿನಯಿಸಿದ ಈ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ತಡೆಯೊಡ್ಡಿತ್ತು. ಆಮೇಲೆ ಬಿಡುಗಡೆಗೊಂಡು ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಜನ ನೋಡಬಹುದೇ ಎಂಬ ಪ್ರಶ್ನೆಯೇ ಮೊದಲು ಎದ್ದ ಚಿತ್ರವನ್ನು ನೋಡಿದ ಬಳಿಕ ಜನ ಸುಮ್ಮನಿರುವುದು ಸಾಧ್ಯವಿರಲಿಲ್ಲ. ಇದರ ಬೆನ್ನಿಗೆ ಬಂದ ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಮುಂತಾದ ಹೊಸ ಅಲೆಯ ಚಿತ್ರಗಳಿಗೆ ಕೆಂಪೇಗೌಡ ರಸ್ತೆಯಲ್ಲಿ ದೀರ್ಘಕಾಲ ಜಾಗ ದೊರೆಯುವುದು ಕಷ್ಟವಿತ್ತು. ಅವುಗಳಿಗೆ ಪ್ರೇಕ್ಷಕರನ್ನೂ ಚರ್ಚಿಸುವವರನ್ನೂ ಒದಗಿಸಿದ್ದು ಚಿತ್ರಸಮಾಜಗಳು.

ಚಿತ್ರಸಮಾಜಗಳು

ಭಾರತದಲ್ಲಿ ಚಿತ್ರಸಮಾಜ ಚಳವಳಿಗೆ 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತಿತರರು ಸ್ಥಾಪಿಸಿದ ಕಲ್ಕತ್ತಾ ಫಿಲ್ಮ್ ಸೊಸೈಟಿ ಬಲ ತುಂಬಿತು. 1959ರಲ್ಲಿ ಇಂಥ ಸಮಾಜಗಳ ಒಕ್ಕೂಟ ರಚನೆಯಾಗಿ ರಾಯ್ ಅವರೇ ಅದರ ಅಧ್ಯಕ್ಷರಾದರು. ಸದಸ್ಯರು ವಂತಿಗೆ ಕೊಟ್ಟು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದಲೋ ವಿದೇಶಿ ದೂತಾವಾಸಗಳಿಂದಲೋ ಚಿತ್ರಗಳನ್ನು ತರಿಸಿ, ಬಾಡಿಗೆಯ ಸಭಾಂಗಣದಲ್ಲಿ ನೋಡಿ, ಆಮೇಲೆ ಕುಳಿತು ಮಾತನಾಡುವುದು ಈ ಸಮಾಜಗಳ ಕ್ರಮ. ಚಿತ್ರವನ್ನು ಮೊದಲು ಪೂರ್ತಿ ನೋಡಬೇಕು, ಆಮೇಲೆ ಮಾತನಾಡಬೇಕು ಎಂಬ ಈ ಸರಳ ಶಿಸ್ತನ್ನು ಚಳವಳಿಯ ದೊಡ್ಡ ಕೊಡುಗೆ ಎನ್ನಬಹುದು.

ಕರ್ನಾಟಕದಲ್ಲಿ ಈ ಚಳವಳಿಯ ಪ್ರಮುಖ ನೆಲೆ ದಕ್ಷಿಣ ಬೆಂಗಳೂರಿನಲ್ಲಿದೆ. 1971ರಲ್ಲಿ ಆರಂಭವಾದ ಸುಚಿತ್ರ ಫಿಲ್ಮ್ ಸೊಸೈಟಿ ಬನಶಂಕರಿ 2ನೇ ಹಂತದ ಬಿ.ವಿ. ಕಾರಂತ ರಸ್ತೆಯಲ್ಲಿ ಸ್ವಂತ ಕಟ್ಟಡವನ್ನೂ ಸಭಾಂಗಣವನ್ನೂ ಹೊಂದಿದೆ. ಸ್ವಂತ ಸೂರು ಹೊಂದಿರುವುದು ಭಾರತದ ಚಿತ್ರಸಮಾಜಗಳಲ್ಲಿ ಅಪರೂಪ. ಹೆಚ್ಚಿನವು ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ಸಭಾಂಗಣ ಬೇಡಿಕೊಂಡೇ ಸೊರಗಿಹೋದವು. ಸ್ಥಾಪಕರಲ್ಲೊಬ್ಬರಾದ ಎಚ್.ಎನ್. ನರಹರಿ ರಾವ್ ಅವರು ಭಾರತದ ಚಿತ್ರಸಮಾಜ ಚಳವಳಿಯ ಇತಿಹಾಸವನ್ನು ಕುರಿತ ಗ್ರಂಥವನ್ನೂ ಸಂಪಾದಿಸಿದ್ದಾರೆ. ಮುಂದೆ ಸಂಸ್ಥೆಯು ನಾಟಕ, ಸಾಹಿತ್ಯ ಕಾರ್ಯಕ್ರಮಗಳನ್ನೂ ಒಳಗೊಂಡು ಸುಚಿತ್ರ ಸಿನಿಮಾ ಮತ್ತು ಸಾಂಸ್ಕೃತಿಕ ಅಕಾಡೆಮಿ ಎಂದು ಹೆಸರಾಯಿತು. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 2006ರಲ್ಲಿ ಆರಂಭವಾದದ್ದೂ ಸುಚಿತ್ರದ ಪ್ರಯತ್ನದಿಂದಲೇ. ಈ ಉತ್ಸವವನ್ನು ಈಗ ಕರ್ನಾಟಕ ಚಲನಚಿತ್ರ ಅಕಾಡೆಮಿಯು ರಾಜ್ಯ ಸರ್ಕಾರದ ಪರವಾಗಿ ನಡೆಸುತ್ತದೆ. ಉತ್ಸವದ ಸಾಲುಗಳಲ್ಲಿ ಮುಂದಿನ ಪ್ರದರ್ಶನಕ್ಕೆ ಕಾಯುತ್ತಾ ನಿಂತವರು ಹಿಂದಿನ ಚಿತ್ರದ ಬಗ್ಗೆ ಆಡುವ ಮಾತು ಒಮ್ಮೊಮ್ಮೆ ವೇದಿಕೆಯ ವಿಚಾರಗೋಷ್ಠಿಗಿಂತ ಹರಿತವಾಗಿರುತ್ತದೆ ಎಂಬುದನ್ನು ಉತ್ಸವಕ್ಕೆ ಹೋದವರೆಲ್ಲ ಬಲ್ಲರು.

ಬೆಂಗಳೂರಿನ ಹೊರಗೆ ಈ ಕೆಲಸವನ್ನು ಅತ್ಯಂತ ಗಂಭೀರವಾಗಿ ಕೈಗೆತ್ತಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು. ಅಲ್ಲಿನ ನೀನಾಸಮ್ ಸಂಸ್ಥೆಯ ಅಂಗವಾಗಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ಚಿತ್ರಸಮಾಜವನ್ನು ಕಟ್ಟಿದರು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ರಸಗ್ರಹಣವನ್ನು ಬೋಧಿಸುತ್ತಿದ್ದ ಸತೀಶ್ ಬಹಾದ್ದೂರ್ ಅವರ ನೆರವಿನಿಂದ ಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಅಕಿರಾ ಕುರೊಸಾವಾ, ಸತ್ಯಜಿತ್ ರಾಯ್, ವಿಟ್ಟೋರಿಯೋ ಡಿ ಸಿಕಾ ಮೊದಲಾದವರ ಚಿತ್ರಗಳನ್ನು ಅಡಿಕೆ ತೋಟದ ರೈತರು, ಶಾಲಾ ಶಿಕ್ಷಕರು, ಗೃಹಿಣಿಯರು ನೋಡಿ ಚರ್ಚಿಸಿದರು. ವಿದೇಶಿ ಭಾಷೆಯ ಕಪ್ಪುಬಿಳುಪಿನ ಚಿತ್ರ ಹಳ್ಳಿಯವರಿಗೆ ಅರ್ಥವಾಗುತ್ತದೆಯೇ ಎಂಬ ನಗರದವರ ಅನುಮಾನಕ್ಕೆ ಹೆಗ್ಗೋಡಿನ ಅನುಭವವು ಉತ್ತರವಾಯಿತು. ಸಂವಾದಕ್ಕೆ ಬೇಕಾದದ್ದು ಪದವಿಯಲ್ಲ, ಒಟ್ಟಿಗೆ ನೋಡುವ ವ್ಯವಧಾನ ಎಂಬ ಸುಬ್ಬಣ್ಣನವರ ನಿಲುವು ಈ ಎಲ್ಲ ಶಿಬಿರಗಳ ಹಿಂದೆ ಕೆಲಸ ಮಾಡಿದೆ.

ಕರ್ನಾಟಕ ಚಲನಚಿತ್ರ ಅಕಾಡೆಮಿಯ ‘ಬೆಳ್ಳಿ ಸಿನಿಮಾ ಬೆಳ್ಳಿ ಮಾತು’ ಕಾರ್ಯಕ್ರಮದಲ್ಲಿ ಕನ್ನಡ ಚಿತ್ರವೊಂದನ್ನು ಪ್ರದರ್ಶಿಸಿ ನಿರ್ದೇಶಕರು ಅಥವಾ ಕಲಾವಿದರೊಡನೆ ಪ್ರೇಕ್ಷಕರು ಮಾತನಾಡುವ ಅವಕಾಶ ಕಲ್ಪಿಸಲಾಗಿದೆ. ನಿರ್ದೇಶಕರು ಎದುರಿಗಿದ್ದಾಗ ಪ್ರೇಕ್ಷಕರ ಮಾತು ಮೃದುವಾಗುವುದು ಸಹಜ. ಹೊರಬಂದ ಮೇಲೆ ಕಾಫಿಯ ಹೊತ್ತಿಗೆ ಸಿಗುವ ಅಭಿಪ್ರಾಯವೇ ಬೇರೆ.

ಪತ್ರಿಕೆಗಳು ಮತ್ತು ವಿಮರ್ಶೆ

‘ರೂಪತಾರಾ’, ‘ವಿಜಯಚಿತ್ರ’ ಮುಂತಾದ ಸಿನಿಮಾ ಪತ್ರಿಕೆಗಳು ಓದುಗರ ಪತ್ರ ಮತ್ತು ಪ್ರಶ್ನೋತ್ತರ ಅಂಕಣಗಳ ಮೂಲಕ ದೂರದೂರದ ಅಭಿಮಾನಿಗಳನ್ನು ಒಂದೇ ಪುಟದಲ್ಲಿ ಸೇರಿಸಿದವು. ಮುಹೂರ್ತವಾದ ಚಿತ್ರಗಳ ಸುದ್ದಿ, ಚಿತ್ರೀಕರಣದ ಸ್ಥಿರಚಿತ್ರಗಳು, ಹಾಡಿನ ಸಾಹಿತ್ಯ ಇವುಗಳಿಂದ ಬರಲಿರುವ ಚಿತ್ರಗಳ ಬಗ್ಗೆ ನಿರೀಕ್ಷೆ ಬೆಳೆಯುತ್ತಿತ್ತು. ದಿನಪತ್ರಿಕೆಗಳಲ್ಲಿ ಶುಕ್ರವಾರದ ಚಿತ್ರದ ವಿಮರ್ಶೆ ವಾರಾಂತ್ಯಕ್ಕೆ ಪ್ರಕಟವಾಗುವ ಪದ್ಧತಿ ನಿಂತಿತು. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ಯು ತಾರೆಯರಿಗೆ ಹೆದರದ ಚಿತ್ರಬರಹಕ್ಕೆ ಹೆಸರಾಯಿತು. ಸ್ವತಃ ‘ಪಲ್ಲವಿ’ಯಂಥ ಚಿತ್ರವನ್ನು ನಿರ್ದೇಶಿಸಿದ್ದ ಸಂಪಾದಕರಿಗೆ ಕಷ್ಟ ಗೊತ್ತಿತ್ತು, ಆದರೆ ಅದು ರಿಯಾಯಿತಿಗೆ ಕಾರಣವಾಗಲಿಲ್ಲ.

ಬೆಂಗಳೂರಿನವರೇ ಆದ ಎಂ.ಕೆ. ರಾಘವೇಂದ್ರ ಮತ್ತು ಎನ್. ಮನು ಚಕ್ರವರ್ತಿ ಅತ್ಯುತ್ತಮ ಚಿತ್ರವಿಮರ್ಶಕರೆಂಬ ರಾಷ್ಟ್ರಪ್ರಶಸ್ತಿ ಪಡೆದಿದ್ದಾರೆ. ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ 2009ನೇ ಸಾಲಿನ ಅತ್ಯುತ್ತಮ ಚಲನಚಿತ್ರ ಗ್ರಂಥವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ಆದರೆ ಇಂಥ ಬರಹಗಳು ಚಿತ್ರ ತೆರೆಯಿಂದ ಇಳಿದ ಮೇಲೂ ಉಳಿಯುವಂಥವು. ಶನಿವಾರ ಸಂಜೆ ಯಾವ ಚಿತ್ರಕ್ಕೆ ಹೋಗುವುದು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅವುಗಳ ಉದ್ದೇಶವಲ್ಲ.

ದಕ್ಷಿಣ ಬೆಂಗಳೂರಿನ ಬದಲಾದ ಭೂಪಟ

ಸಂವಾದ ನಡೆಯುವ ಜಾಗಗಳು ಬದಲಾದದ್ದನ್ನು ದಕ್ಷಿಣ ಬೆಂಗಳೂರಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಜಯನಗರ 4ನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವಿತ್ತು, ಅದು ಈಗಿಲ್ಲ. ನಂದಾ ಚಿತ್ರಮಂದಿರದ ಹೆಸರು ಜಯನಗರದ ರಸ್ತೆಗೆ ಅಂಟಿಕೊಂಡಿದೆ. ಏಕತೆರೆಯ ಚಿತ್ರಮಂದಿರದಲ್ಲಿ ಎಲ್ಲರೂ ಒಂದೇ ಚಿತ್ರವನ್ನು ನೋಡಿ ಒಂದೇ ಬಾಗಿಲಿನಿಂದ ಹೊರಬರುತ್ತಿದ್ದರು, ಎದುರಿನ ಹೋಟೆಲಿನಲ್ಲಿ ಬೈಟೂ ಕಾಫಿ ಮುಗಿಯುವುದರೊಳಗೆ ಚಿತ್ರದ ತೀರ್ಪು ಹೊರಬೀಳುತ್ತಿತ್ತು.

ಕನಕಪುರ ರಸ್ತೆಯ ಕೋಣನಕುಂಟೆ ಈ ಬದಲಾವಣೆಯ ಇನ್ನೊಂದು ತುದಿ. ಹಿಂದೆ ಈ ಭಾಗದವರು ಹೊಸ ಚಿತ್ರಕ್ಕಾಗಿ ಬಸ್ಸು ಹಿಡಿದು ಜಯನಗರಕ್ಕೋ ಮೆಜೆಸ್ಟಿಕ್ಕಿಗೋ ಹೋಗುವುದು ವಾಡಿಕೆಯಾಗಿತ್ತು. 2021ರ ಜನವರಿಯಲ್ಲಿ ನಮ್ಮ ಮೆಟ್ರೊದ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಯಾದಾಗ ಕೋಣನಕುಂಟೆ ಕ್ರಾಸ್ ನಿಲ್ದಾಣವೂ ತೆರೆಯಿತು. ರೈಲು ಬದಲಿಸದೆ ನೇರವಾಗಿ ಮೆಜೆಸ್ಟಿಕ್ ತಲುಪುವ ಅನುಕೂಲವೇನೋ ಆಯಿತು. ಅಷ್ಟರಲ್ಲಿ ಕೆಂಪೇಗೌಡ ರಸ್ತೆಯ ಸಾಗರ್, ಕಪಾಲಿಗಳೇ ಇಲ್ಲವಾಗಿದ್ದವು. ಬದಲಿಗೆ ಕೋಣನಕುಂಟೆ ಕ್ರಾಸಿನ ಮಾಲ್‌ನಲ್ಲಿಯೇ ಬಹುತೆರೆಗಳ ಮಲ್ಟಿಪ್ಲೆಕ್ಸ್ ಬಂದಿದೆ. ಅಲ್ಲಿ ಪಕ್ಕಪಕ್ಕದ ತೆರೆಗಳಲ್ಲಿ ಐದು ಭಾಷೆಯ ಚಿತ್ರಗಳು ಓಡುತ್ತವೆ. ಲಿಫ್ಟಿನಲ್ಲಿ ಜೊತೆಯಾದವರು ಯಾವ ಚಿತ್ರ ನೋಡಿ ಬಂದರೆಂದು ತಿಳಿಯದು. ಮಾತು ಆರಂಭವಾಗುವುದು ವಾಹನ ನಿಲುಗಡೆಯಲ್ಲಿ, ಮನೆಯವರ ನಡುವೆ, ಇಲ್ಲವೇ ಮೊಬೈಲಿನಲ್ಲಿ.

ಟಿಕೆಟ್ ದರವೂ ಅಭಿಪ್ರಾಯದ ಬೆಲೆಯನ್ನು ಏರಿಸಿದೆ. ನಾಲ್ವರ ಕುಟುಂಬ ವಾರಾಂತ್ಯದಲ್ಲಿ ಮಲ್ಟಿಪ್ಲೆಕ್ಸಿಗೆ ಹೋಗುವ ಖರ್ಚು ಸಣ್ಣದಲ್ಲ. ಹಾಗಾಗಿ ‘ಹೋಗಿ ನೋಡೋಣ’ ಎನ್ನುವವರು ಕಡಿಮೆಯಾಗಿ ‘ಹೇಗಿದೆಯಂತೆ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಹೊರತುಪಡಿಸಿ 200 ರೂಪಾಯಿಗಳ ಗರಿಷ್ಠ ದರವನ್ನು ಗೊತ್ತುಪಡಿಸಿ ನಿಯಮ ಹೊರಡಿಸಿತು. ಅದೇ ತಿಂಗಳಲ್ಲಿ ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು.

ಬಾಯಿಮಾತಿನಿಂದ ಉಳಿದ ಚಿತ್ರಗಳು

2006ರ ಡಿಸೆಂಬರ್ 29ರಂದು ಬಿಡುಗಡೆಯಾದ ಯೋಗರಾಜ್ ಭಟ್ ನಿರ್ದೇಶನದ ‘ಮುಂಗಾರು ಮಳೆ’ ಬಾಯಿಮಾತಿನ ಬಲಕ್ಕೆ ಸಾಮಾನ್ಯವಾಗಿ ಕೊಡುವ ಮೊದಲ ಉದಾಹರಣೆ. ದೊಡ್ಡ ತಾರೆಯರಿಲ್ಲದೆ ಬಂದ ಈ ಚಿತ್ರ ನೋಡಿದವರ ಮಾತಿನಿಂದಲೇ ವಾರದಿಂದ ವಾರಕ್ಕೆ ಬೆಳೆದು, ಬೆಂಗಳೂರಿನ ಮಲ್ಟಿಪ್ಲೆಕ್ಸೊಂದರಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಓಡಿತು. ಕನ್ನಡ ಚಿತ್ರಗಳಿಗೆ ಮಲ್ಟಿಪ್ಲೆಕ್ಸ್ ಪ್ರೇಕ್ಷಕರಿಲ್ಲ ಎಂಬ ವಾದ ಆ ಬಳಿಕ ಸದ್ದಡಗಿತು.

2015ರ ‘ರಂಗಿತರಂಗ’ದ ಪ್ರಸಂಗ ಹೆಚ್ಚು ಬೋಧಪ್ರದವಾಗಿದೆ. ಅನೂಪ್ ಭಂಡಾರಿ ನಿರ್ದೇಶನದ ಈ ರಹಸ್ಯಚಿತ್ರ ಜುಲೈ 3ರಂದು ತೆರೆಕಂಡಿತು. ಸರಿಯಾಗಿ ಒಂದು ವಾರಕ್ಕೆ, ಜುಲೈ 10ರಂದು, ‘ಬಾಹುಬಲಿ’ ಬಂದಿತು. ಚಿತ್ರ ಚೆನ್ನಾಗಿದೆ ಎಂಬ ಮಾತು ಹರಡಿ ಜನ ಬರತೊಡಗಿದ ಹೊತ್ತಿನಲ್ಲೇ ಅದರ ಪ್ರದರ್ಶನಗಳು ಕಡಿತಗೊಂಡವು. ಇದನ್ನು ಪ್ರತಿಭಟಿಸಿ ಪ್ರೇಕ್ಷಕರು ಬೀದಿಗಿಳಿದರು. ತಾವು ಮೆಚ್ಚಿದ ಚಿತ್ರವನ್ನು ಇತರರೂ ನೋಡುವಂತಾಗಬೇಕೆಂದು ನೋಡಿದವರೇ ಒತ್ತಾಯಿಸಿದ್ದು ಇಲ್ಲಿನ ವಿಶೇಷ. ನೆಚ್ಚಿನ ನಟನ ಚಿತ್ರಕ್ಕಾಗಿ ಅಭಿಮಾನಿ ಸಂಘದವರು ಜಗಳವಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ, ಏಕೆಂದರೆ ಈ ಚಿತ್ರದ ನಾಯಕ ನಿರೂಪ್ ಭಂಡಾರಿ ಹೊಸಬರು, ಅವರಿಗೆ ಸಂಘವೇ ಇರಲಿಲ್ಲ. ಪ್ರದರ್ಶನಗಳು ಮರಳಿ ಹೆಚ್ಚಿ ಚಿತ್ರ ದೀರ್ಘಕಾಲ ಓಡಿತು.

ಪವನ್ ಕುಮಾರ್ ಅವರ ‘ಲೂಸಿಯಾ’ (2013) ಇನ್ನೂ ಹಿಂದಕ್ಕೆ ಹೋಗಿ, ಚಿತ್ರ ತಯಾರಾಗುವುದಕ್ಕೆ ಮೊದಲೇ ಪ್ರೇಕ್ಷಕರ ಅಭಿಪ್ರಾಯವನ್ನು ಬಂಡವಾಳವಾಗಿಸಿತು. ನಿರ್ಮಾಪಕರು ಸಿಗದಾಗ ನಿರ್ದೇಶಕರು ನೇರವಾಗಿ ಚಿತ್ರರಸಿಕರನ್ನೇ ಕೇಳಿದರು. ಹಣ ಹೂಡಿದವರು 110 ಮಂದಿ. ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಇದಕ್ಕೆ ದೊರೆತದ್ದೂ ಪ್ರೇಕ್ಷಕರ ಪ್ರಶಸ್ತಿಯೇ. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಪ್ರಶಸ್ತಿ ಪಡೆದು ಮರುವರ್ಷ ಕರ್ನಾಟಕದಲ್ಲಿ ಬಿಡುಗಡೆಯಾದಾಗ, ಪ್ರಶಸ್ತಿಚಿತ್ರವೆಂದರೆ ನಿಧಾನಗತಿಯದು ಎಂದು ದೂರ ನಿಲ್ಲುತ್ತಿದ್ದವರನ್ನು ಚಿತ್ರಮಂದಿರಕ್ಕೆ ಎಳೆತಂದದ್ದು ಅದು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ ಎಂಬ ಸುದ್ದಿ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಕಂಡು, ಮೆಚ್ಚುಗೆಯ ಅಲೆ ಎದ್ದ ಮೇಲೆ ಎರಡು ವಾರಗಳ ಅಂತರದಲ್ಲಿ ಹಿಂದಿ ಮುಂತಾದ ಭಾಷೆಗಳಲ್ಲಿ ಬಿಡುಗಡೆಯಾಯಿತು.

ಈ ಅನುಭವಗಳಿಂದ ನಿರ್ಮಾಪಕರು ಕಲಿತ ಉಪಾಯವೇ ಹಣ ಕೊಟ್ಟು ನೋಡುವ ಮುಂಗಡ ಪ್ರದರ್ಶನ, ಅಂದರೆ ‘ಪೇಯ್ಡ್ ಪ್ರೀಮಿಯರ್’. ಮೊದಲ ಮೂರು ದಿನಗಳೇ ನಿರ್ಣಾಯಕವಾದರೆ ಮಾತು ಹರಡುವ ಕೆಲಸವನ್ನು ಬಿಡುಗಡೆಗೆ ಮೊದಲೇ ಮುಗಿಸುವುದು ಜಾಣತನ. ‘777 ಚಾರ್ಲಿ’ (2022) ಹಲವು ನಗರಗಳಲ್ಲಿ ಹೀಗೆ ಮುಂಚಿತವಾಗಿ ಪ್ರದರ್ಶನಗೊಂಡಿತು. ಜೆ.ಪಿ. ತುಮಿನಾಡು ನಿರ್ದೇಶಿಸಿ ರಾಜ್ ಬಿ. ಶೆಟ್ಟಿ ನಿರ್ಮಾಣದಲ್ಲಿ ಪಾಲ್ಗೊಂಡ ‘ಸು ಫ್ರಮ್ ಸೋ’ 2025ರ ಜುಲೈ 25ರಂದು ಬಿಡುಗಡೆಯಾಗುವ ಮುನ್ನ ಕೆಲವು ಊರುಗಳಲ್ಲಿ ಇಂಥ ಪ್ರದರ್ಶನಗಳನ್ನು ಕಂಡಿತು. ಅಬ್ಬರದ ಪ್ರಚಾರವಿಲ್ಲದೆ ಬಂದ ಈ ಕರಾವಳಿಯ ಹಾಸ್ಯಚಿತ್ರಕ್ಕೆ ವಾರಾಂತ್ಯದಲ್ಲಿ ಟಿಕೆಟ್ ಸಿಗದಂತಾಗಿ ಮುಂಜಾವಿನ ಪ್ರದರ್ಶನಗಳನ್ನೂ ಸೇರಿಸಬೇಕಾಯಿತು. ಶೀರ್ಷಿಕೆಯನ್ನು ಬಿಡಿಸಿದರೆ ‘ಸೋಮೇಶ್ವರದ ಸುಲೋಚನಾ’. ಕನ್ನಡದ ಮೊದಲ ವಾಕ್ಚಿತ್ರವೂ ಸುಲೋಚನೆಯದೇ ಎಂಬುದು ಕಾಕತಾಳೀಯ.

ಮುಂಗಡ ಪ್ರದರ್ಶನ ಇಬ್ಬಾಯ ಖಡ್ಗ. ಚಿತ್ರದಲ್ಲಿ ನಂಬಿಕೆಯಿರುವವರಷ್ಟೇ ಅದಕ್ಕೆ ಕೈಹಾಕಬಹುದು. ಚಿತ್ರ ಸೋತರೆ ಶುಕ್ರವಾರದ ಮೊದಲ ಆಟದ ಟಿಕೆಟ್‌ಗಳೂ ಉಳಿದುಹೋಗುತ್ತವೆ.

ಬರಲಿರುವ ಚಿತ್ರಗಳ ಬಗೆಗಿನ ಮಾತು

ಇನ್ನೂ ಕಾಣದ ಚಿತ್ರದ ಬಗ್ಗೆ ಅಭಿಪ್ರಾಯವೆಂದರೆ ವಾಸ್ತವದಲ್ಲಿ ನಿರೀಕ್ಷೆಯೇ. ಶೀರ್ಷಿಕೆ, ಮೊದಲ ನೋಟ, ಟೀಸರ್, ಹಾಡು, ಟ್ರೈಲರ್ ಎಂದು ಹಂತಹಂತವಾಗಿ ಬಿಡುಗಡೆ ಮಾಡುವ ಕ್ರಮ ಈ ನಿರೀಕ್ಷೆಯನ್ನು ಜೀವಂತವಾಗಿಡುತ್ತದೆ. ಕನ್ನಡದಲ್ಲಿ ನಾಯಕನಟರ ಹುಟ್ಟುಹಬ್ಬಗಳೇ ಇದಕ್ಕೆ ಪಂಚಾಂಗ. ‘ಕೆಜಿಎಫ್ ಚಾಪ್ಟರ್ 2’ರ ಟೀಸರ್ ಯಶ್ ಅವರ ಹುಟ್ಟುಹಬ್ಬವಾದ 2021ರ ಜನವರಿ 8ರಂದು ಹೊರಬರಬೇಕಿತ್ತು, ಸೋರಿಕೆಯಾದ್ದರಿಂದ ಹಿಂದಿನ ರಾತ್ರಿಯೇ ಬಿಡುಗಡೆ ಮಾಡಲಾಯಿತು. ಚಿತ್ರ ತೆರೆಗೆ ಬಂದದ್ದು 2022ರ ಏಪ್ರಿಲ್ 14ರಂದು. ನಡುವಿನ ಹದಿನೈದು ತಿಂಗಳು ಅಭಿಮಾನಿಗಳು ಎರಡು ನಿಮಿಷದ ದೃಶ್ಯಗಳನ್ನೇ ಬಿಡಿಬಿಡಿಯಾಗಿ ನೋಡಿ ಕಥೆ ಹೆಣೆದರು.

ರಾಜ್‌ಕುಮಾರ್ ಅವರು ಅಭಿಮಾನಿಗಳನ್ನು ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದರು. ಈ ದೇವರುಗಳ ನಡುವಿನ ಕಲಹಕ್ಕೆ ಈಗ ‘ಫ್ಯಾನ್ ವಾರ್’ ಎಂಬ ಹೆಸರು ಬಿದ್ದಿದೆ. ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬನ ಚಿತ್ರವನ್ನು ನೋಡದೆಯೇ ಕಳಪೆ ಎನ್ನುವುದು, ತಮ್ಮವನ ಚಿತ್ರವನ್ನು ನೋಡದೆಯೇ ಅದ್ಭುತ ಎನ್ನುವುದು ಇದರ ರೀತಿ. ಚಿತ್ರಸಮಾಜಗಳ ‘ಮೊದಲು ನೋಡು’ ಎಂಬ ಶಿಸ್ತು ಇಲ್ಲಿ ಪೂರ್ತಿ ತಲೆಕೆಳಗಾಗಿದೆ. ಇದರಿಂದ ನಿಜವಾದ ನಷ್ಟ ಅನುಭವಿಸುವುದು ದೊಡ್ಡ ನಟರಲ್ಲ, ಅವರ ಮೊದಲ ವಾರಾಂತ್ಯದ ಟಿಕೆಟ್‌ಗಳು ಹೇಗೂ ಮಾರಾಟವಾಗಿರುತ್ತವೆ. ಹೊಗಳಿಕೆ ತೆಗಳಿಕೆಗಳೆರಡೂ ನಂಬಿಕೆ ಕಳೆದುಕೊಂಡಾಗ ಪೆಟ್ಟು ಬೀಳುವುದು ಬಾಯಿಮಾತನ್ನೇ ನಂಬಿ ಬಂದ ಸಣ್ಣ ಚಿತ್ರಕ್ಕೆ.

ಹೊರನಾಡಿನ ಕನ್ನಡಿಗರಿಂದ ಬರುವ ಅಭಿಪ್ರಾಯ ಕೆಲವೊಮ್ಮೆ ಬೆಂಗಳೂರಿನವರಿಗಿಂತ ಮುಂಚೆ ಬಂದಿರುತ್ತದೆ. ಇದಕ್ಕೆ ಕಾಲಮಾನವೇ ಕಾರಣ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಳಿಗಾಲದ ಗುರುವಾರ ಸಂಜೆ 6 ಗಂಟೆಯ ಪ್ರದರ್ಶನ ಆರಂಭವಾಗುವಾಗ ಇಲ್ಲಿ ಶುಕ್ರವಾರ ಬೆಳಗಿನ 4.30. ಅಲ್ಲಿನವರು ಚಿತ್ರ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಊರಿನ ಬಂಧುಗಳಿಗೆ ಕಳುಹಿಸುವ ಒಂದು ಸಾಲು, ಇಲ್ಲಿ ಬೆಳಗಿನ ಆಟಕ್ಕೆ ಹೊರಟವರ ಕೈಯಲ್ಲಿರುತ್ತದೆ.

ಕಾನೂನಿನ ಚೌಕಟ್ಟು

ಚಿತ್ರದ ಬಗ್ಗೆ ಪ್ರೇಕ್ಷಕನು ಆಡುವ ಮಾತಿಗೆ ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯಿದೆ. ಮಾನನಷ್ಟವನ್ನು ಅಪರಾಧವೆಂದು ಪರಿಗಣಿಸಿದ ಭಾರತೀಯ ದಂಡ ಸಂಹಿತೆಯ 499ನೇ ಕಲಮಿನಲ್ಲಿಯೇ ಆರನೆಯ ವಿನಾಯಿತಿಯೊಂದಿತ್ತು: ಸಾರ್ವಜನಿಕರ ತೀರ್ಪಿಗೆ ಒಪ್ಪಿಸಿದ ಕೃತಿ ಅಥವಾ ಪ್ರದರ್ಶನದ ಗುಣಾವಗುಣಗಳ ಬಗ್ಗೆ, ಆ ಕೃತಿಯಲ್ಲಿ ಕಾಣುವಷ್ಟರಮಟ್ಟಿಗೆ ಅದರ ಕರ್ತೃವಿನ ಬಗ್ಗೆಯೂ, ಸದ್ಭಾವನೆಯಿಂದ ಆಡಿದ ಮಾತು ಮಾನನಷ್ಟವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಇದನ್ನು ಮುಂದುವರಿಸಿದೆ. ಕಾನೂನು ಕೊಡುವ ದೃಷ್ಟಾಂತ ಇಂದಿಗೂ ಉಪಯುಕ್ತವಾದುದು. ಪುಸ್ತಕ ಓದಿ, ಇದು ಮೂರ್ಖತನದ ಪುಸ್ತಕ, ಬರೆದವನು ದುರ್ಬಲನಿರಬೇಕು ಎಂದರೆ ವಿನಾಯಿತಿಯಿದೆ. ಬರೆದವನು ದುರ್ಬಲನೆಂದು ಮೊದಲೇ ಗೊತ್ತಿತ್ತು, ಆದ್ದರಿಂದ ಪುಸ್ತಕ ಹೀಗಿರುವುದು ಆಶ್ಚರ್ಯವಲ್ಲ ಎಂದರೆ ವಿನಾಯಿತಿಯಿಲ್ಲ, ಏಕೆಂದರೆ ಆ ಅಭಿಪ್ರಾಯ ಪುಸ್ತಕದಿಂದ ಹುಟ್ಟಿದ್ದಲ್ಲ. ಫ್ಯಾನ್ ವಾರ್‌ಗಳ ಬಹುಪಾಲು ಮಾತು ಎರಡನೆಯ ವರ್ಗಕ್ಕೆ ಸೇರುತ್ತದೆ.

ಬಿಡುಗಡೆಯ ಮೊದಲ ದಿನಗಳಲ್ಲಿ ವಿಮರ್ಶೆಯನ್ನು ತಡೆಯಬೇಕೆಂಬ ಬೇಡಿಕೆ ದಕ್ಷಿಣದ ಹಲವು ರಾಜ್ಯಗಳಲ್ಲಿ ಎದ್ದಿದೆ. ಉದ್ದೇಶಪೂರ್ವಕ ನಕಾರಾತ್ಮಕ ವಿಮರ್ಶೆಗಳ ವಿರುದ್ಧ ಕೇರಳ ಹೈಕೋರ್ಟಿನ ಮುಂದೆ 2023ರಲ್ಲಿ ಪ್ರಕರಣ ಬಂದಾಗ ನೇಮಕಗೊಂಡ ಅಮಿಕಸ್ ಕ್ಯೂರಿ, ಬಿಡುಗಡೆಯಾದ 48 ಗಂಟೆಗಳವರೆಗೆ ವಿಮರ್ಶಕರು ಕಾಯುವುದು ಸೂಕ್ತವೆಂದು ಮರುವರ್ಷ ಸಲಹೆ ನೀಡಿದರು. ಮೊದಲ ಮೂರು ದಿನ ವಿಮರ್ಶೆಯನ್ನು ನಿಷೇಧಿಸಬೇಕೆಂಬ ತಮಿಳು ನಿರ್ಮಾಪಕರ ಕೋರಿಕೆಯನ್ನು ಮದ್ರಾಸ್ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಒಪ್ಪಲಿಲ್ಲ. ಕರ್ನಾಟಕದಲ್ಲಿ, 2025ರ ಡಿಸೆಂಬರ್ 11ರಂದು ಬಿಡುಗಡೆಯಾದ ದರ್ಶನ್ ಅಭಿನಯದ ‘ದಿ ಡೆವಿಲ್’ ಚಿತ್ರಕ್ಕೆ ಟಿಕೆಟ್ ಕಾಯ್ದಿರಿಸುವ ಆನ್‌ಲೈನ್ ವೇದಿಕೆಯಲ್ಲಿ ಅಂಕ ಮತ್ತು ವಿಮರ್ಶೆ ನೀಡುವ ಸೌಲಭ್ಯವನ್ನು ನ್ಯಾಯಾಲಯದ ಆದೇಶದ ಮೇರೆಗೆ ನಿಲ್ಲಿಸಲಾಯಿತು. ಸಂಘಟಿತ ದುರುದ್ದೇಶದ ಅಂಕಗಳಿಂದ ಚಿತ್ರವನ್ನು ಕಾಪಾಡುವುದು ಇಂಥ ಆದೇಶಗಳ ಪರವಾದ ವಾದ. ಹಣ ಕೊಟ್ಟು ನೋಡಿದವನ ಪ್ರಾಮಾಣಿಕ ಮಾತಿಗೂ ಅದೇ ಬಾಗಿಲು ಮುಚ್ಚುತ್ತದೆ ಎಂಬುದು ವಿರೋಧದ ವಾದ. ‘ರಂಗಿತರಂಗ’ದಂಥ ಚಿತ್ರಕ್ಕೆ ಮೊದಲ ಮೂರು ದಿನ ಯಾರೂ ಬಾಯಿಬಿಡಬಾರದೆಂಬ ನಿಯಮವಿದ್ದಿದ್ದರೆ ಎರಡನೆಯ ವಾರ ಅದರ ಪರವಾಗಿ ನಿಲ್ಲಲು ಎಷ್ಟು ಜನ ಇರುತ್ತಿದ್ದರು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಅಭಿಪ್ರಾಯ ಹೇಳುವ ಹುಮ್ಮಸ್ಸಿನಲ್ಲಿ ಅಭಿಮಾನಿಗಳು ತೆರೆಯ ಮೇಲಿನ ದೃಶ್ಯಗಳನ್ನೇ ಮೊಬೈಲಿನಲ್ಲಿ ಸೆರೆಹಿಡಿದು ಹಂಚುವುದು ಬೇರೆಯದೇ ವಿಷಯ. ವಿಮರ್ಶೆಗಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದಾದರೂ, 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಚಿತ್ರಮಂದಿರದಲ್ಲಿ ಅನುಮತಿಯಿಲ್ಲದೆ ಚಿತ್ರವನ್ನು ಧ್ವನಿ-ದೃಶ್ಯ ಮುದ್ರಣ ಮಾಡುವುದಕ್ಕೆ ಮೂರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡವನ್ನು ವಿಧಿಸಬಹುದು.